ಕ್ಯಾಂಪರ್ ವ್ಯಾನ್ ಕಟ್ಟುವವರಿಗೆ: ಗೋಡೆ ಮುಚ್ಚುವ ಮೊದಲು ಏನು, ಆಮೇಲೆ ಏನು

"ವ್ಯಾನ್ ತಗೊಂಡಿದ್ದೀನಿ. ಮಂಚ, ಒಲೆ, ಫ್ರಿಜ್, ಸೋಲಾರ್ ಎಲ್ಲ ಹಾಕಬೇಕು. ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉತ್ತರ ಚಿಕ್ಕದು. ಮುಚ್ಚಿಹೋಗುವ ಕೆಲಸ ಮೊದಲು, ಕಣ್ಣಿಗೆ ಕಾಣುವ ಕೆಲಸ ಕೊನೆಗೆ. ಹೆಚ್ಚಿನವರು ಮಂಚ, ಕಪಾಟುಗಳಿಂದ ಶುರು ಮಾಡುತ್ತಾರೆ. ಆಸೆ ಅರ್ಥವಾಗುತ್ತದೆ, ಅದನ್ನು ನೋಡಿದರೆ ಮನೆಯ ಹಾಗೆ ಅನ್ನಿಸುತ್ತದೆ ಅಲ್ವಾ? ಆದರೆ ವೈರು, ಗ್ಯಾಸ್ ಪೈಪು, ಸೀಲು, ಬಿಸಿ-ಚಳಿ ತಡೆಯುವ ಇನ್ಸುಲೇಷನ್ ಎಲ್ಲ ಇರುವುದು ಆ ಕಪಾಟಿನ ಹಿಂದೆ. ಅಲ್ಲಿ ತಪ್ಪಾದರೆ ಮುಂದಿನದೆಲ್ಲ ಬಿಚ್ಚಬೇಕು. ನನ್ನ ಮೊದಲ ವ್ಯಾನಿನಲ್ಲಿ ಚಾವಣಿಯ ಒಂದು ತೂತು ಸರಿಯಾಗಿ ಸೀಲ್ ಆಗಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಒಂದು ಬದಿಯ ಪ್ಲೈವುಡ್ ಪೂರ್ತಿ ಕೊಳೆತಿತ್ತು.

ಖಾಲಿ ವ್ಯಾನ್ ಕೊಂಡು ನೀವೇ ಕಟ್ಟುವವರಾದರೆ ಎಲ್ಲ ಹಂತಗಳನ್ನೂ ಓದಿ. ಕಟ್ಟಿದ ವ್ಯಾನನ್ನೇ ಕೊಳ್ಳುವವರಾದರೆ ಇದೇ ಕ್ರಮದಲ್ಲಿ ಪರೀಕ್ಷೆ ಮಾಡಿ.

ಹಂತ 1: ವ್ಯಾನನ್ನು ಪರೀಕ್ಷಿಸಿ

ಒಳಗಿನ ಅಂದಕ್ಕೆ ಮರುಳಾಗಬೇಡಿ. ಮೊದಲು ಅದು ಒಂದು ಗಾಡಿ, ಆಮೇಲೆ ಮನೆ. ಎಂಜಿನ್, ಗೇರ್, ಬ್ರೇಕ್ ಬಗ್ಗೆ ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವೇ ನೋಡಬಹುದಾದವು ಇವು:

ತುಕ್ಕು. ಗಾಡಿಯ ಕೆಳಗೆ, ಬಾಗಿಲಿನ ಕೆಳಅಂಚಿನಲ್ಲಿ, ಚಕ್ರದ ಮೇಲಿನ ಕಮಾನಿನಲ್ಲಿ, ಗಾಜಿನ ಸುತ್ತ ನೋಡಿ. ಮೇಲೆ ಹರಡಿದ ತುಕ್ಕನ್ನು ಉಜ್ಜಿ ಬಣ್ಣ ಹಚ್ಚಬಹುದು. ಸ್ಕ್ರೂಡ್ರೈವರ್‌ನಿಂದ ಒತ್ತಿದಾಗ ತಗಡು ಒಳಗೆ ಹೋದರೆ ಆ ವ್ಯಾನ್ ಬಿಟ್ಟುಬಿಡಿ.

ತೇವ. ಕಟ್ಟಿದ ವ್ಯಾನಾದರೆ ಕಿಟಕಿಯ ಕೆಳಗೆ, ಚಾವಣಿಯ ಮೂಲೆಗಳಲ್ಲಿ, ಕಪಾಟಿನ ಹಿಂಭಾಗದಲ್ಲಿ ಬೆರಳಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಒಳಗೆ ಕೊಳೆತಿದೆ ಎಂದೇ ಲೆಕ್ಕ. ಮರದ ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. 15 ಶೇಕಡಾ ಒಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ಎಲ್ಲೋ ನೀರು ಬರುತ್ತಿದೆ. ಬಾಗಿಲು ತೆಗೆದ ತಕ್ಷಣ ಮುಗ್ಗಲು ವಾಸನೆ ಬಂದರೆ ಮೀಟರೂ ಬೇಡ.

ಟೈರ್. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಕ್ಯಾಂಪರ್ ವ್ಯಾನುಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಹಾಗಾಗಿ ಟೈರಿನ ಗುಂಡಿ, ಅಂದರೆ ನೆಲ ಹಿಡಿಯುವ ಉಬ್ಬುಗಳು, ಸವೆಯುವ ಮೊದಲೇ ರಬ್ಬರ್ ಮುದಿಯಾಗುತ್ತದೆ. ಗುಂಡಿ ಚೆನ್ನಾಗಿ ಕಂಡರೂ ತಾರೀಕು ನೋಡದೆ ನಂಬಬೇಡಿ.

ಟೈಮಿಂಗ್ ಬೆಲ್ಟ್. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ರಬ್ಬರ್ ಪಟ್ಟಿ ಇದು. ಇದಕ್ಕೆ ಕಿಲೋಮೀಟರ್ ಲೆಕ್ಕವೂ ಇದೆ, ವರ್ಷದ ಲೆಕ್ಕವೂ ಇದೆ. ಯಾವುದು ಮೊದಲು ಬಂತೋ ಆಗ ಬದಲಿಸಬೇಕು. "ಕಡಿಮೆ ಓಡಿದೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಅದು ತುಂಡಾದರೆ ಹೆಚ್ಚಿನ ಎಂಜಿನ್‌ಗಳು ಹಾಳಾಗುತ್ತವೆ. ಬದಲಿಸಿದ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಅಂದುಕೊಳ್ಳಿ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟಿನ ಬದಲು ಚೈನ್ ಇರುತ್ತದೆ, ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಮಾತು, ನಿಮ್ಮ ಎತ್ತರ. ಅಡ್ಡಲಾಗಿ ಮಲಗಲು ಜಾಗ ಸಿಕ್ಕರೆ ಮಂಚಕ್ಕೆ ಗಾಡಿಯ ಉದ್ದದಲ್ಲಿ ಕಡಿಮೆ ಜಾಗ ಸಾಕು, ಅಷ್ಟು ಬೇರೆ ಕೆಲಸಕ್ಕೆ ಉಳಿಯುತ್ತದೆ. ಫಿಯೆಟ್ ಡುಕಾಟೊ ವ್ಯಾನಿನ ಒಳಗೆ ತಗಡಿನಿಂದ ತಗಡಿಗೆ ಸುಮಾರು 1.87 ಮೀಟರ್ ಅಗಲ. ಮರ್ಸಿಡಿಸ್ ಸ್ಪ್ರಿಂಟರ್ ಅದಕ್ಕಿಂತ ಕಿರಿದು. ಇನ್ಸುಲೇಷನ್ ಹಾಕಿದ ಮೇಲೆ ಇದರಲ್ಲೂ ಕೆಲವು ಸೆಂಟಿಮೀಟರ್ ಹೋಗುತ್ತದೆ. ಕೊಳ್ಳುವ ಮೊದಲು ಖಾಲಿ ವ್ಯಾನಿನೊಳಗೆ ಮಲಗಿ ನೋಡಿ. ನಾಚಿಕೆ ಬೇಡ.

ಹಂತ 2: ತೂಕದ ಲೆಕ್ಕ

ಎಲ್ಲರೂ ಹಾರಿಬಿಡುವ ಹಂತ ಇದು. ದಯವಿಟ್ಟು ಹಾರಬೇಡಿ.

ಗಾಡಿಯ ದಾಖಲೆಯಲ್ಲಿ ಎರಡು ತೂಕ ಇರುತ್ತವೆ. ಒಂದು ಖಾಲಿ ತೂಕ. ಇನ್ನೊಂದು ಜನ, ಸಾಮಾನು, ನೀರು, ಡೀಸೆಲ್ ಎಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ. ಎರಡರ ನಡುವಿನ ಅಂತರವೇ ನಿಮ್ಮ ಕೈಯಲ್ಲಿರುವ ಬಂಡವಾಳ. ಗರಿಷ್ಠ 3,500 ಕೆಜಿ, ಖಾಲಿ 2,100 ಕೆಜಿ ಎಂದಿಟ್ಟುಕೊಳ್ಳಿ. ಉಳಿಯುವುದು 1,400 ಕೆಜಿ. ಜಾಸ್ತಿ ಅನ್ನಿಸುತ್ತದೆ. ಖರ್ಚಾಗುವುದು ಹೇಗೆ ನೋಡಿ.

ಒಂದು ಲೀಟರ್ ನೀರು ಒಂದು ಕೆಜಿ. 100 ಲೀಟರ್ ಟ್ಯಾಂಕ್ ತುಂಬಿದರೆ 100 ಕೆಜಿ ಹೋಯಿತು. 8 ಅಡಿಗೆ 4 ಅಡಿ ಅಳತೆಯ 18 ಮಿ.ಮೀ. ಪ್ಲೈವುಡ್ ಹಾಳೆ ಒಂದಕ್ಕೇ 30 ಕೆಜಿ ಆಸುಪಾಸು. ಅಂಥ ಎಂಟು ಹಾಳೆ ಬಳಸಿದರೆ 240 ಕೆಜಿ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಸುಮಾರು 27 ಕೆಜಿ, ಅಷ್ಟೇ ಸಾಮರ್ಥ್ಯದ ಲಿಥಿಯಂ ಬ್ಯಾಟರಿ ಅದರ ಅರ್ಧಕ್ಕಿಂತ ಕಡಿಮೆ. ಜನ, ಬಟ್ಟೆ, ಪಾತ್ರೆ, ಹಾಸಿಗೆ, ಗ್ಯಾಸ್, ಸೈಕಲ್, ಚಾವಣಿಯ ಮೇಲಿನ ಸೋಲಾರ್ ಎಲ್ಲ ಸೇರಿಸುತ್ತಾ ಹೋಗಿ. ಗಾಡಿ ಚಿಕ್ಕದಾದರೆ ಲೆಕ್ಕ ಇನ್ನೂ ಬಿಗಿ.

ಒಟ್ಟು ತೂಕ ಸರಿಯಿದ್ದರೂ ಸಾಲದು. ಮುಂದಿನ ಅಚ್ಚಿಗೆ (ಎರಡು ಚಕ್ರಗಳನ್ನು ಸೇರಿಸುವ ಆಕ್ಸಲ್) ಇಷ್ಟು, ಹಿಂದಿನ ಅಚ್ಚಿಗೆ ಇಷ್ಟು ಎಂದು ಬೇರೆ ಮಿತಿಯೂ ಇರುತ್ತದೆ. ನೀರಿನ ಟ್ಯಾಂಕು, ಬ್ಯಾಟರಿ, ಸೈಕಲ್ ಎಲ್ಲವನ್ನೂ ಹಿಂದಕ್ಕೇ ತಳ್ಳಿದರೆ ಹಿಂದಿನ ಅಚ್ಚು ಮೊದಲು ಮಿತಿ ದಾಟುತ್ತದೆ. ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗ್ ಹಿಡಿತ ಕಡಿಮೆಯಾಗುತ್ತದೆ. ಭಾರದ ವಸ್ತು ಆದಷ್ಟು ಕೆಳಗೆ, ಎರಡು ಅಚ್ಚುಗಳ ನಡುವೆ ಇರಲಿ. ಒಂದು ಬದಿಗೆ ಅಡುಗೆ ಕಟ್ಟೆ ಬಂದರೆ ನೀರಿನ ಟ್ಯಾಂಕ್ ಇನ್ನೊಂದು ಬದಿಗೆ ಹೋಗಲಿ.

ಲಾರಿಗಳನ್ನು ತೂಗುವ ವೇಬ್ರಿಡ್ಜ್‌ನಲ್ಲಿ ಮೂರು ಸಲ ತೂಗಿಸಿ: ಖಾಲಿ ಇದ್ದಾಗ, ಕೆಲಸ ಅರ್ಧ ಆದಾಗ, ಎಲ್ಲ ತುಂಬಿಸಿ ಪ್ರವಾಸಕ್ಕೆ ಹೊರಡುವ ಸ್ಥಿತಿಯಲ್ಲಿ. ಮುಂದಿನ ಚಕ್ರ ಮಾತ್ರ ಮೇಲಿಟ್ಟು ಒಂದು ಸಲ, ಹಿಂದಿನದು ಮಾತ್ರ ಇಟ್ಟು ಒಂದು ಸಲ ತೂಗಿದರೆ ಅಚ್ಚಿನ ಲೆಕ್ಕವೂ ಸಿಗುತ್ತದೆ.

ಹಂತ 3: ಕಾಗದಪತ್ರ

ಸರಕು ಗಾಡಿಯನ್ನು ಮಲಗುವ ಗಾಡಿಯಾಗಿ ಬದಲಿಸಿದರೆ ನೋಂದಣಿಯಲ್ಲೂ ಬದಲಾವಣೆ ಬೇಕಾಗಬಹುದು. ನಿಯಮ ಪ್ರತಿ ದೇಶದಲ್ಲೂ ಬೇರೆ. ಕೆಲಸ ಶುರು ಮಾಡುವ ಮೊದಲೇ ನೋಂದಣಿ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ವಿಮಾ ಕಂಪನಿಗೂ ತಿಳಿಸಿ. ಹೇಳದೆ ಮಾಡಿದ ಬದಲಾವಣೆ ಅಪಘಾತದ ದಿನ ತೊಂದರೆ ಕೊಡುತ್ತದೆ. ಓಡುವಾಗ ಜನ ಕೂರುವ ಸೀಟು, ಸೀಟ್ ಬೆಲ್ಟ್ ಎರಡೂ ಪರೀಕ್ಷೆ ಪಾಸಾದವೇ ಆಗಿರಬೇಕು. ಮರದ ಪೆಟ್ಟಿಗೆಯ ಮೇಲೆ ಬೆಲ್ಟ್ ಕೂರಿಸಿದರೆ ಅದು ಯಾರನ್ನೂ ಕಾಪಾಡುವುದಿಲ್ಲ.

ಹಂತ 4: ತೂತು, ಸೀಲು, ಇನ್ಸುಲೇಷನ್

ಕಿಟಕಿ, ಚಾವಣಿಯ ಫ್ಯಾನ್, ವೈರ್ ಒಳಬರುವ ಜಾಗ, ಇವೆಲ್ಲ ತಗಡು ಕೊಯ್ಯುವ ಕೆಲಸಗಳು. ಇನ್ಸುಲೇಷನ್ನಿಗೆ ಮೊದಲೇ ಮುಗಿಸಿ.

ಕೊಯ್ದ ಅಂಚಿನಲ್ಲಿ ಬಣ್ಣ ಹೋಗಿ ಬರಿ ಕಬ್ಬಿಣ ತೆರೆದಿರುತ್ತದೆ. ಅರದಿಂದ ನಯ ಮಾಡಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಮೇಲೆ ಬಣ್ಣ ಹಚ್ಚಿ, ಪೂರ್ತಿ ಒಣಗಿದ ಮೇಲೆ ಸಂದು ಮುಚ್ಚುವ ಸೀಲೆಂಟ್ ಹಾಕಿ. ಇದನ್ನು ಬಿಟ್ಟರೆ ಸೀಲಿನ ಅಡಿಯಲ್ಲೇ ತುಕ್ಕು ಹಬ್ಬಿ ಎರಡು ಮೂರು ವರ್ಷದಲ್ಲಿ ಸೋರಲು ಶುರುವಾಗುತ್ತದೆ. ಕೊಯ್ಯುವಾಗ ಹಾರಿದ ಕಬ್ಬಿಣದ ಪುಡಿಯನ್ನೂ ಪೂರ್ತಿ ಗುಡಿಸಿ. ಒಂದು ಚೂರು ಉಳಿದರೂ ಅಲ್ಲಿಂದ ತುಕ್ಕು.

ಸೀಲೆಂಟ್ ಯಾವುದು? ಬಚ್ಚಲಿಗೆ ಬಳಸುವ ಸಿಲಿಕೋನ್ ಬೇಡ. ಅದು ಹಿಡಿದ ಜಾಗದ ಮೇಲೆ ಆಮೇಲೆ ಬಣ್ಣವೂ ಕೂರುವುದಿಲ್ಲ, ಬೇರೆ ಸೀಲೆಂಟೂ ಕೂರುವುದಿಲ್ಲ. ಗಾಡಿಗೆಂದೇ ಇರುವ ಪಾಲಿಯುರೆಥೇನ್ ಸೀಲೆಂಟ್ ಬಳಸಿ. ಮುಂದೆ ಬಿಚ್ಚಬೇಕಾಗಬಹುದಾದ ಕಡೆ ಬ್ಯುಟೈಲ್ ಟೇಪ್ ಬಳಸಿ. ಇದು ಎಂದೂ ಗಟ್ಟಿಯಾಗದ ಅಂಟಿನ ಪಟ್ಟಿ. ಹಾಕಿದ ಮರುದಿನ ಪೈಪಿನಲ್ಲಿ ಅರ್ಧ ಗಂಟೆ ನೀರು ಬಿಟ್ಟು ಒಳಗಿನಿಂದ ನೋಡಿ. ಒಳಗೆ ಇನ್ನೂ ಬರಿ ತಗಡು ಇರುವಾಗಲೇ ಈ ಪರೀಕ್ಷೆ ಮಾಡಬೇಕು. ನಾನು ಈಗ ಎರಡು ಮಳೆ ಸುರಿಯುವವರೆಗೂ ಕಾಯುತ್ತೇನೆ.

ಇನ್ಸುಲೇಷನ್ ಅಂದರೆ ಬಿಸಿ, ಚಳಿ ತಡೆಯುವ ಪದರ. ವ್ಯಾನಿನಲ್ಲಿ ಅದಕ್ಕೆ ಇನ್ನೊಂದು ಕೆಲಸವಿದೆ, ಒಳಗಿನ ತೇವ ಹೊತ್ತ ಗಾಳಿ ತಣ್ಣನೆಯ ತಗಡನ್ನು ಮುಟ್ಟದ ಹಾಗೆ ತಡೆಯುವುದು. ಮುಟ್ಟಿದರೆ ಅಲ್ಲೇ ನೀರ ಹನಿಯಾಗುತ್ತದೆ. ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು, ಬೆವರಿನಿಂದಲೇ ಸುಮಾರು ಅರ್ಧ ಲೀಟರ್ ನೀರು ಗಾಳಿ ಸೇರುತ್ತದೆ. ಹಾಗಾಗಿ ನೀರು ಹೀರದ, ಮುಚ್ಚಿದ ಗುಳ್ಳೆಗಳಿರುವ ಫೋಮ್ ಹಾಳೆಯನ್ನು ತಗಡಿಗೆ ಪೂರ್ತಿ ಅಂಟಿಸಿ, ನಡುವೆ ಗಾಳಿ ಉಳಿಯದಂತೆ. ಸ್ಪಂಜಿನ ಹಾಗೆ ನೀರು ಕುಡಿಯುವ ಯಾವ ವಸ್ತುವೂ ತಗಡಿನ ಪಕ್ಕ ಬೇಡ. ಬಾಗಿಲಿನ ಕೆಳಗೆ, ಬದಿಯ ತಗಡಿನ ಕೆಳಗೆ ಸಣ್ಣ ತೂತುಗಳಿರುತ್ತವೆ. ನೀರು ಹರಿದು ಹೋಗಲೆಂದೇ ಕಂಪನಿಯವರು ಬಿಟ್ಟಿರುವುದು. ಅವನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ಹಂತ 5: ವಿದ್ಯುತ್

ಅತಿ ಹೆಚ್ಚು ಪ್ರಶ್ನೆ ಬರುವುದು ಇಲ್ಲಿ, ಅತಿ ಹೆಚ್ಚು ಬೆಂಕಿ ಭಯ ಇರುವುದೂ ಇಲ್ಲೇ. ನಿಧಾನವಾಗಿ ಹೋಗೋಣ.

ಎಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಮುಟ್ಟಬೇಡಿ. ಮನೆಯ ಕೆಲಸಕ್ಕೆ ಬೇರೆ ಬ್ಯಾಟರಿ ಇರಲಿ. ಇಲ್ಲದಿದ್ದರೆ ರಾತ್ರಿ ಫ್ರಿಜ್ ಓಡಿ ಬೆಳಿಗ್ಗೆ ಎಂಜಿನ್ ಚಾಲೂ ಆಗುವುದಿಲ್ಲ.

"ಎಷ್ಟು ದೊಡ್ಡ ಬ್ಯಾಟರಿ ಬೇಕು?" ಎಂದು ಕೇಳುವ ಮೊದಲು ದಿನಕ್ಕೆ ಎಷ್ಟು ಖರ್ಚು ಎಂದು ಬರೆಯಿರಿ. ಅಳತೆ ಆಂಪಿಯರ್-ಗಂಟೆ. ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಗಂಟೆ. ವಾಟ್ ಗೊತ್ತಿದ್ದರೆ ಅದನ್ನು 12 ವೋಲ್ಟಿನಿಂದ ಭಾಗಿಸಿ, ಆಂಪಿಯರ್ ಸಿಗುತ್ತದೆ; ಅದನ್ನು ಓಡುವ ಗಂಟೆಗಳಿಂದ ಗುಣಿಸಿ. ಒಂದು ಮಾದರಿ ಲೆಕ್ಕ:

• 12 ವೋಲ್ಟಿನ ಕಂಪ್ರೆಸರ್ ಫ್ರಿಜ್: ದಿನಕ್ಕೆ ಸುಮಾರು 35
• ಚಾವಣಿಯ ಫ್ಯಾನ್, ಒಂದೂವರೆ ಆಂಪಿಯರಿನಂತೆ 8 ಗಂಟೆ: 12
• ಎಲ್‌ಇಡಿ ದೀಪ, 10 ವಾಟ್, 5 ಗಂಟೆ: 4
• ಫೋನು, ಲ್ಯಾಪ್‌ಟಾಪ್: 10
• ನೀರಿನ ಪಂಪ್, 6 ಆಂಪಿಯರ್, ಒಟ್ಟು 10 ನಿಮಿಷ: 1

ಒಟ್ಟು 62. ಅಲ್ಲಿ ಇಲ್ಲಿ ಹೋಗುವ ನಷ್ಟ ಸೇರಿಸಿ 75 ಎಂದುಕೊಳ್ಳಿ. ಎರಡು ದಿನ ಬಿಸಿಲೇ ಇಲ್ಲದೆ ಒಂದೇ ಕಡೆ ನಿಲ್ಲಬೇಕಾದರೆ 150 ಬೇಕು. ಸೀಸದ ಬ್ಯಾಟರಿಯಿಂದ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ 300ರ ಬ್ಯಾಟರಿ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದ 80ರಿಂದ 90 ಶೇಕಡಾ ಬಳಸಬಹುದು. 200ರದ್ದು ಸಾಕು. ಬೆಲೆ ಜಾಸ್ತಿಯಾದರೂ ತೂಕ ನೋಡಿದಾಗ ನಾನು ಲಿಥಿಯಂ ಕಡೆಗೇ. ಒಂದು ಎಚ್ಚರಿಕೆ: ತಾಪಮಾನ 0 ಡಿಗ್ರಿಗಿಂತ ಕೆಳಗಿರುವಾಗ ಇದನ್ನು ಚಾರ್ಜ್ ಮಾಡಿದರೆ ಒಳಗೆ ಶಾಶ್ವತವಾಗಿ ಹಾಳಾಗುತ್ತದೆ. ಚಳಿಯಲ್ಲಿ ತಾನೇ ಚಾರ್ಜ್ ನಿಲ್ಲಿಸಿಕೊಳ್ಳುವ ವ್ಯವಸ್ಥೆ ಇರುವ ಬ್ಯಾಟರಿ ಕೊಳ್ಳಿ.

ಇನ್ವರ್ಟರ್, ಅಂದರೆ 12 ವೋಲ್ಟನ್ನು ಮನೆಯ ಕರೆಂಟಾಗಿ ಬದಲಿಸುವ ಪೆಟ್ಟಿಗೆ, ಎಲ್ಲರಿಗೂ ಬೇಕು ಅನ್ನಿಸುತ್ತದೆ. ಲೆಕ್ಕ ಹಾಕಿ. 1,500 ವಾಟಿನ ಇಂಡಕ್ಷನ್ ಒಲೆಗೆ ಬ್ಯಾಟರಿಯಿಂದ 125 ಆಂಪಿಯರ್, ನಷ್ಟ ಸೇರಿ 140 ಹತ್ತಿರ ಹರಿಯುತ್ತದೆ. ಅರ್ಧ ಗಂಟೆ ಅಡುಗೆ ಮಾಡಿದರೆ ಒಂದು ದಿನದ ಕರೆಂಟ್ ಮುಗಿದ ಹಾಗೆ. ಫೋನು, ಲ್ಯಾಪ್‌ಟಾಪನ್ನು 12 ವೋಲ್ಟಿನಿಂದ ನೇರವಾಗಿ ಚಾರ್ಜ್ ಮಾಡುವ ಸಾಧನಗಳಿವೆ. ಸುಮ್ನೆ ಇನ್ವರ್ಟರ್ ಹಾಕಬೇಡಿ.

ಚಾರ್ಜ್ ಆಗುವುದು ಎಲ್ಲಿಂದ? ಎರಡು ದಾರಿ ಇರಲಿ. ಮೊದಲನೆಯದು ಓಡುವಾಗ ಎಂಜಿನ್ನಿನಿಂದ. ಹೊಸ ಗಾಡಿಗಳ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಯಂತ್ರ, ಇಂಧನ ಉಳಿಸಲು ತನ್ನ ವೋಲ್ಟೇಜನ್ನು ಏರಿಸುತ್ತಾ ಇಳಿಸುತ್ತಾ ಇರುತ್ತದೆ. ಬರಿ ರಿಲೇ (ಎರಡು ಬ್ಯಾಟರಿಗಳನ್ನು ತಾನೇ ಜೋಡಿಸುವ ಸ್ವಿಚ್) ಹಾಕಿದರೆ ಮನೆಯ ಬ್ಯಾಟರಿ ಪೂರ್ತಿ ತುಂಬದೆ ಹೋಗಬಹುದು. ಡಿಸಿ-ಡಿಸಿ ಚಾರ್ಜರ್ ಹಾಕಿ. ಬರುವ ವೋಲ್ಟೇಜ್ ಹೇಗಿದ್ದರೂ ಬ್ಯಾಟರಿಗೆ ಬೇಕಾದ ವೋಲ್ಟೇಜನ್ನೇ ಅದು ಕೊಡುತ್ತದೆ. ಎರಡನೆಯದು ಸೋಲಾರ್. 200 ವಾಟಿನ ಪ್ಯಾನೆಲ್ ಚಾವಣಿಯ ಮೇಲೆ ಮಟ್ಟಸವಾಗಿ ಮಲಗಿದ್ದರೆ ಒಳ್ಳೆಯ ಬಿಸಿಲಿನ ದಿನ ಸುಮಾರು 60 ಆಂಪಿಯರ್-ಗಂಟೆ ಕೊಡಬಹುದು. ಮೋಡದ ದಿನ ಅದರಲ್ಲಿ ಕಾಲು ಭಾಗ ಬಂದರೂ ಪುಣ್ಯ. ಪ್ಯಾನೆಲ್ಲಿನ ಒಂದು ಮೂಲೆಗೆ ಮರದ ನೆರಳು ಬಿದ್ದರೂ ಬಹಳಷ್ಟು ಹೋಗುತ್ತದೆ. ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಬಿಡುವ ಕಂಟ್ರೋಲರ್ ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ. ಇದನ್ನು ತಪ್ಪಿದರೆ ಕಂಟ್ರೋಲರ್ ಸುಟ್ಟುಹೋಗಬಹುದು.

ಈಗ ವೈರ್. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂದು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಶಾಕ್ ಹೊಡೆಯದಿರಬಹುದು, ಬೆಂಕಿ ಹಚ್ಚುತ್ತದೆ. ವೋಲ್ಟ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಜಾಸ್ತಿ, ಆಂಪಿಯರ್ ಜಾಸ್ತಿಯಾದರೆ ವೈರ್ ದಪ್ಪ ಬೇಕು. ಬ್ಯಾಟರಿಯಿಂದ 5 ಮೀಟರ್ ದೂರದ ಒಂದು ಸಾಧನ 10 ಆಂಪಿಯರ್ ಎಳೆಯುತ್ತದೆ ಎನ್ನಿ. ಹೋಗಿ ಬರುವ ದಾರಿ 10 ಮೀಟರ್. 2.5 ಚದರ ಮಿ.ಮೀ. ವೈರ್ ಹಾಕಿದರೆ ದಾರಿಯಲ್ಲೇ 0.7 ವೋಲ್ಟ್ ಕಳೆದುಹೋಗುತ್ತದೆ. ಫ್ರಿಜ್ "ಬ್ಯಾಟರಿ ಖಾಲಿ" ಎಂದು ನಿಲ್ಲುವುದಕ್ಕೆ ಇಷ್ಟು ಸಾಕು. 6 ಚದರ ಮಿ.ಮೀ. ಹಾಕಿದರೆ ನಷ್ಟ 0.3 ವೋಲ್ಟಿನೊಳಗೆ. "ನನ್ನ ಫ್ರಿಜ್ ಕೆಟ್ಟಿದೆ" ಎಂದು ಬರೆಯುವವರಲ್ಲಿ ಎಷ್ಟೋ ಜನರದ್ದು ಫ್ರಿಜ್ ಕೆಟ್ಟಿರುವುದಿಲ್ಲ, ವೈರ್ ತೆಳುವಾಗಿರುತ್ತದೆ.

ಮನೆಗೆ ಎಳೆಯುವ ಒಂಟಿ ತಂತಿಯ ಗಟ್ಟಿ ವೈರ್ ಬೇಡ, ಅಲುಗಾಟಕ್ಕೆ ಒಳಗೇ ಮುರಿಯುತ್ತದೆ. ಹಲವು ಎಳೆಗಳ ತಾಮ್ರದ ವೈರ್ ಬಳಸಿ. ತುದಿಗಳನ್ನು ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ, ಅಂದರೆ ಲೋಹದ ತುದಿಯೊಳಗಿಟ್ಟು ಒತ್ತಿ ಬಿಗಿಮಾಡಿ. ವೈರ್ ತಗಡಿನ ತೂತಿನ ಮೂಲಕ ಹೋಗುವ ಕಡೆ ರಬ್ಬರ್ ಬಳೆ ಹಾಕಿ, ಇಲ್ಲದಿದ್ದರೆ ಅಂಚು ವೈರಿನ ಸಿಪ್ಪೆಯನ್ನು ಕೊಯ್ಯುತ್ತದೆ.

ಫ್ಯೂಸ್ ಇರುವುದು ಸಾಧನವನ್ನು ಕಾಪಾಡಲಲ್ಲ, ವೈರನ್ನು ಕಾಪಾಡಲು. ವೈರ್ ತಡೆಯುವ ಕರೆಂಟಿಗಿಂತ ಫ್ಯೂಸ್ ಸಣ್ಣದಿರಬೇಕು. ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರ, ಒಂದು ಗೇಣಿನೊಳಗೆ ಇರಲಿ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತುಂಡಿಗೆ ರಕ್ಷಣೆಯೇ ಇಲ್ಲ, ಅದಕ್ಕೇ ಈ ಮಾತು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಸುರಿಯುತ್ತದೆ. ಅಷ್ಟನ್ನು ತುಂಡರಿಸಬಲ್ಲ ಫ್ಯೂಸ್ ಬೇಕು, ಅಂಗಡಿಯಲ್ಲಿ ಹಾಗೆಂದೇ ಕೇಳಿ. ಹೊರಗಿನ ಮೇನ್ಸ್ ಕರೆಂಟ್ ಒಳಗೆ ತರುವ ಭಾಗವನ್ನು ಮಾತ್ರ ನೀವೇ ಮಾಡಬೇಡಿ. ಅದು ಜೀವ ತೆಗೆಯುವ ವೋಲ್ಟೇಜ್. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಲಿ.

ಗೋಡೆ ಮುಚ್ಚುವ ಮೊದಲು ಪ್ರತಿ ಬದಿಯ ಫೋಟೋ ತೆಗೆಯಿರಿ, ಅಳತೆ ಟೇಪ್ ಪಕ್ಕದಲ್ಲಿಟ್ಟು. ಮುಂದೆ ಒಂದು ಸ್ಕ್ರೂ ಹೊಡೆಯುವಾಗ ವೈರ್ ಎಲ್ಲಿದೆ ಎಂದು ಆ ಫೋಟೋ ಹೇಳುತ್ತದೆ.

ಹಂತ 6: ಗ್ಯಾಸ್, ಬೆಂಕಿ, ಗಾಳಿ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ನಿಲ್ಲುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆ ವ್ಯಾನಿನ ಒಳಗಿನಿಂದ ಪೂರ್ತಿ ಬೇರೆಯಾಗಿರಬೇಕು, ಅದರ ತಳದಲ್ಲಿ ಹೊರಕ್ಕೆ ತೆರೆದ ತೂತು ಇರಬೇಕು. ಆ ತೂತನ್ನು ಚಳಿಗೆಂದು ಬಟ್ಟೆ ತುರುಕಿ ಮುಚ್ಚುವವರನ್ನು ನೋಡಿದ್ದೇನೆ. ಖಂಡಿತ ಬೇಡ. ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿ, ಬೆಂಕಿಕಡ್ಡಿಯಿಂದ ಎಂದೂ ಪರೀಕ್ಷಿಸಬೇಡಿ. ರಬ್ಬರ್ ಕೊಳವೆಯ ಮೇಲೆ ತಾರೀಕು ಇರುತ್ತದೆ, ಅವಧಿ ಮುಗಿದರೆ ಬದಲಿಸಿ. ಚಳಿ ಪ್ರದೇಶಕ್ಕೆ ಹೋಗುವವರು ಪ್ರೊಪೇನ್ ಬಳಸಿ. ಬ್ಯುಟೇನ್ 0 ಡಿಗ್ರಿ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಆಗುತ್ತದೆ.

ಕಾರ್ಬನ್ ಮಾನಾಕ್ಸೈಡ್ ಬಗ್ಗೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ಸರಿಯಾಗಿ ಉರಿಯದ ಯಾವುದೇ ಬೆಂಕಿಯಿಂದ ಬರುವ ವಿಷ ಗಾಳಿ ಇದು. ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಅಡುಗೆ ಒಲೆಯನ್ನು ಚಳಿ ಕಾಯಿಸಲು ಬಳಸಬೇಡಿ. ಆರಿದಂತೆ ಕಾಣುವ ಇದ್ದಿಲಿನ ಒಲೆಯನ್ನು ಒಳಗೆ ತರಬೇಡಿ, ಕೆಂಡ ಗಂಟೆಗಟ್ಟಲೆ ಈ ಗಾಳಿ ಬಿಡುತ್ತಿರುತ್ತದೆ. ಮಾನಾಕ್ಸೈಡ್ ಅಲಾರಂ ಒಂದು, ಗ್ಯಾಸ್ ಸೋರಿಕೆಯ ಅಲಾರಂ ಒಂದು, ಎರಡೂ ಬೇಕು. ಗ್ಯಾಸಿನದು ನೆಲದ ಹತ್ತಿರ, ಮಾನಾಕ್ಸೈಡಿನದು ತಯಾರಕರು ಹೇಳಿದ ಎತ್ತರದಲ್ಲಿ, ಮಲಗುವ ಜಾಗದ ಸಮೀಪ. ಅಲಾರಂಗೂ ಅವಧಿ ಇದೆ, ಹಿಂಬದಿ ನೋಡಿ.

ಗಾಳಿ ಒಳಬರಲು ಕೆಳಗೊಂದು, ಹೊರಹೋಗಲು ಮೇಲೊಂದು ದಾರಿ ಸದಾ ತೆರೆದಿರಲಿ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಬರುತ್ತದೆ. ಗೋಡೆಗೆ ಬೂಷ್ಟು ಹಿಡಿಯುವುದು ಹೀಗೆ. ಅಡುಗೆ ಮಾಡುವಾಗ ಫ್ಯಾನ್ ಹಾಕಿ.

ಡೀಸೆಲ್ ಹೀಟರ್ ಹಾಕುವವರಿಗೆ: ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಎಳೆಯಬೇಕು, ಹೊಗೆ ಕೊಳವೆ ಬಾಗಿಲು ಕಿಟಕಿಯ ಕೆಳಗೆ ಕೊನೆಯಾಗಬಾರದು. ಸದಾ ಕಡಿಮೆ ಉರಿಯಲ್ಲೇ ಓಡಿಸಿದರೆ ಒಳಗೆ ಮಸಿ ಕಟ್ಟುತ್ತದೆ. ಆಗಾಗ 15-20 ನಿಮಿಷ ಪೂರ್ತಿ ಉರಿಯಲ್ಲಿ ಬಿಡಿ.

ಬೆಂಕಿ ನಂದಿಸುವ ಸಿಲಿಂಡರನ್ನು ಬಾಗಿಲ ಬಳಿ ಇಡಿ. ಒಲೆಯ ಹಿಂದೆ ಇಟ್ಟರೆ ಬೇಕಾದಾಗ ಕೈಗೆಟುಕುವುದಿಲ್ಲ. ಮಂಚದಿಂದ ಹೊರಬರಲು ಎರಡು ದಾರಿ ಇರಲಿ.

ಹಂತ 7: ನೀರು

ಒಳ್ಳೆಯ ನೀರಿನ ಟ್ಯಾಂಕ್ ಕುಡಿಯುವ ನೀರಿಗೆ ಯೋಗ್ಯವಾದ ಪ್ಲಾಸ್ಟಿಕ್ಕಿನದು, ಕೈ ಹಾಕಿ ತೊಳೆಯುವಷ್ಟು ದೊಡ್ಡ ಮುಚ್ಚಳ ಇರುವುದು. ಬಳಸಿದ ನೀರಿಗೆ ಬೇರೆ ಟ್ಯಾಂಕ್. ಅದನ್ನು ಗೊತ್ತುಪಡಿಸಿದ ಜಾಗದಲ್ಲೇ ಚೆಲ್ಲಿ.

ವರ್ಷಕ್ಕೆ ಎರಡು ಸಲವಾದರೂ, ತುಂಬಾ ದಿನ ನಿಂತಿದ್ದರೆ ಪ್ರತಿ ಸಲ, ಟ್ಯಾಂಕನ್ನು ಶುದ್ಧ ಮಾಡಿ. ಪರಿಮಳ ಸೇರಿಸದ, 5 ಶೇಕಡಾ ಸಾಂದ್ರತೆಯ ಬ್ಲೀಚ್ ದ್ರವವನ್ನು ಲೀಟರಿಗೆ 1 ಮಿ.ಲೀ. ಲೆಕ್ಕದಲ್ಲಿ ತುಂಬಿದ ಟ್ಯಾಂಕಿಗೆ ಹಾಕಿ. ಪ್ರತಿ ನಲ್ಲಿ ತೆರೆದು ಬ್ಲೀಚ್ ವಾಸನೆ ಬರುವವರೆಗೆ ಹರಿಸಿ ಮುಚ್ಚಿ. 4 ಗಂಟೆ ಬಿಡಿ. ಪೂರ್ತಿ ಖಾಲಿ ಮಾಡಿ, ವಾಸನೆ ಹೋಗುವವರೆಗೆ ಒಳ್ಳೆಯ ನೀರಿನಿಂದ ತೊಳೆಯಿರಿ. ನಲ್ಲಿಗಳನ್ನು ಮರೆತರೆ ಪ್ರಯೋಜನವಿಲ್ಲ, ಪಾಚಿ ಕಟ್ಟುವುದು ಟ್ಯಾಂಕಿಗಿಂತ ಕೊಳವೆಯಲ್ಲೇ ಜಾಸ್ತಿ.

ಹಂತ 8: ಮರಗೆಲಸ

ಈಗ ನಿಮ್ಮ ಆಸೆಯ ಕೆಲಸ. ಇದರಲ್ಲಿ ನಿಮ್ಮ ರುಚಿಯೇ ಮುಖ್ಯ, ನಾನು ಹೇಳುವುದು ಮೂರೇ. ಕಪಾಟುಗಳನ್ನು ಗಾಡಿಯ ಲೋಹದ ಎಲುಬುಗಳಿಗೆ ಬಿಗಿಯಿರಿ, ಬರಿ ಪ್ಲೈವುಡ್ಡಿಗೆ ಅಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಬ್ಯಾಟರಿ, ಸಿಲಿಂಡರ್ ಹಾರಿ ಬರದಂತೆ ಕಟ್ಟಿರಿ. ಪಂಪ್, ಫ್ಯೂಸ್ ಪೆಟ್ಟಿಗೆ, ನೀರಿನ ಜೋಡಣೆ ಇರುವ ಕಡೆ ಬಿಚ್ಚಬಹುದಾದ ಹಲಗೆ ಇಡಿ.

ಹಂತ 9: ಒಂದು ರಾತ್ರಿ ಮಲಗಿ ನೋಡಿ

ಮೊದಲ ರಾತ್ರಿಯನ್ನು ದೂರದ ಕಾಡಿನಲ್ಲಿ ಕಳೆಯಬೇಡಿ. ಮನೆಯ ಮುಂದೆಯೇ ನಿಲ್ಲಿಸಿ, ಅಡುಗೆ ಮಾಡಿ, ಮಲಗಿ. ಫ್ರಿಜ್ ರಾತ್ರಿಯಿಡೀ ಓಡಲಿ. ಬೆಳಿಗ್ಗೆ ಬ್ಯಾಟರಿ ಎಷ್ಟು ಉಳಿದಿದೆ, ಕಿಟಕಿಯಲ್ಲಿ ಎಷ್ಟು ಹನಿ ಇದೆ ಬರೆದಿಡಿ. ಮಾರನೆ ದಿನ ಒರಟು ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ಬಂದು ಎಲ್ಲ ಸ್ಕ್ರೂ, ಗ್ಯಾಸ್ ಜೋಡಣೆ, ನೀರಿನ ಜೋಡಣೆ ಮತ್ತೆ ಮುಟ್ಟಿ ನೋಡಿ. ಏನೋ ಒಂದು ಸಡಿಲವಾಗಿಯೇ ಇರುತ್ತದೆ.

ಹಂತ 10: ನೋಡಿಕೊಳ್ಳುವುದು

ಪ್ರತಿ ಸಲ ಹೊರಡುವ ಮೊದಲು: ಟೈರ್ ತಣ್ಣಗಿರುವಾಗ ಗಾಳಿ ನೋಡಿ, ತುಂಬಿದ ಗಾಡಿಗೆ ಹೇಳಿರುವ ಪ್ರಮಾಣಕ್ಕೆ. ಗ್ಯಾಸ್ ವಾಲ್ವ್ ಮುಚ್ಚಿ. ಚಾವಣಿಯ ಕಿಂಡಿ ಮುಚ್ಚಿದೆಯಾ, ಮೆಟ್ಟಿಲು ಒಳಗಿದೆಯಾ, ಹೊರಗಿನ ಕರೆಂಟ್ ವೈರ್ ಬಿಚ್ಚಿದೆಯಾ ನೋಡಿ. ಗಾಡಿಯ ಒಟ್ಟು ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಬಳಿ ಅಂಟಿಸಿ. ಚಾವಣಿಯ ಫ್ಯಾನನ್ನು ಲೆಕ್ಕಕ್ಕೆ ಸೇರಿಸುವುದನ್ನು ಮರೆಯಬೇಡಿ. ಚಕ್ರ ಬದಲಿಸಿದ್ದರೆ 50ರಿಂದ 80 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿಮಾಡಿ.

ವರ್ಷಕ್ಕೊಮ್ಮೆ: ಎಷ್ಟೇ ಕಡಿಮೆ ಓಡಿರಲಿ, ಎಂಜಿನ್ ಆಯಿಲ್ ಬದಲಿಸಿ. ಏಣಿ ಹಾಕಿ ಚಾವಣಿಯ ಪ್ರತಿ ಸೀಲನ್ನೂ ಕಣ್ಣಿಟ್ಟು ನೋಡಿ, ಬಿರುಕಿದ್ದರೆ ಮೇಲೆ ಬಳಿಯಬೇಡಿ, ಹಳೆಯದನ್ನು ಕೆರೆದು ಹೊಸದು ಹಾಕಿ. ಗ್ಯಾಸ್ ವ್ಯವಸ್ಥೆಯನ್ನು ತಿಳಿದವರಿಗೆ ತೋರಿಸಿ. ಬ್ರೇಕ್ ದ್ರವ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ತಿಂಗಳುಗಟ್ಟಲೆ ನಿಲ್ಲಿಸುವಾಗ: ನೀರೆಲ್ಲ ಖಾಲಿ ಮಾಡಿ, ನಲ್ಲಿಗಳನ್ನು ತೆರೆದೇ ಬಿಡಿ. ಹೆಪ್ಪುಗಟ್ಟುವ ಚಳಿ ಇರುವ ಕಡೆ ಪಂಪ್, ನೀರು ಕಾಯಿಸುವ ಬಾಯ್ಲರ್ ಕೂಡ ಖಾಲಿಯಾಗಬೇಕು. ಫ್ರಿಜ್ ಬಾಗಿಲು ಸ್ವಲ್ಪ ತೆರೆದಿಡಿ, ಹಾಸಿಗೆಯನ್ನು ಗೋಡೆಗೆ ತಾಗದಂತೆ ಎತ್ತಿ ನಿಲ್ಲಿಸಿ. ಸೀಸದ ಬ್ಯಾಟರಿ ಪೂರ್ತಿ ತುಂಬಿರಬೇಕು, ಲಿಥಿಯಂ ಅರ್ಧದಷ್ಟು ತುಂಬಿದ್ದರೆ ಒಳ್ಳೆಯದು. ಮುಖ್ಯ ಸ್ವಿಚ್ ಆಫ್ ಮಾಡಿ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಬೇಡಿ, ಒಳಗಿನ ತೇವ ಅಲ್ಲೇ ಉಳಿಯುತ್ತದೆ; ಗಾಳಿಯಾಡುವ ಹೊದಿಕೆ ಬಳಸಿ. ತಿಂಗಳಿಗೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ ಬನ್ನಿ. ನಿಂತಲ್ಲೇ ಐದು ನಿಮಿಷ ಚಾಲೂ ಮಾಡಿ ಆಫ್ ಮಾಡಿದರೆ ಬ್ಯಾಟರಿಗೂ ಎಂಜಿನ್ನಿಗೂ ಲಾಭಕ್ಕಿಂತ ನಷ್ಟವೇ ಜಾಸ್ತಿ. ಓಡಿಸಲು ಆಗದಿದ್ದರೆ ಗಾಡಿಯನ್ನು ಅರ್ಧ ಸುತ್ತು ಮುಂದೆ ತಳ್ಳಿ ಟೈರಿನ ಬೇರೆ ಭಾಗ ನೆಲಕ್ಕೆ ತಾಗುವಂತೆ ಮಾಡಿ. ಹಾಗೇ ಒಳಗೆ ಹೋದಾಗ ಚಾವಣಿಯ ಮೂಲೆಗಳನ್ನೂ ಕಿಟಕಿಯ ಕೆಳಗನ್ನೂ ಬೆರಳಿಂದ ಒಮ್ಮೆ ಒತ್ತಿ ನೋಡಿ ಬನ್ನಿ.